ಒಂದು ಕೈ ಕಿಟಕಿಯ ಮೇಲೆ

ನಮ್ಮ ಭಾವನಷ್ಟು ಧೈರ್ಯವಂತ ಇಡೀ ಸಾಗರ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಹೆಲಿಕಾಪ್ಟರಿಗೆ ಹೆದರುವುದಿಲ್ಲ, ಕಡಲಿಗೆ ಹೆದರುವುದಿಲ್ಲ. ತೀರ್ಥಹಳ್ಳಿ ಬಸ್ಸಿಗೆ ಮಾತ್ರ ಹೆದರುತ್ತಾನೆ!

ಅಕ್ಕನ ಗಂಡನಾದ ಈ ಮಹಾನುಭಾವ ಮುಂಬಯಿಯಾಚೆ ನಡುಗಡಲಿನ ಎಣ್ಣೆ ಬಾವಿಯಲ್ಲಿ ಎಲೆಕ್ಟ್ರಿಶಿಯನ್. ತಿಂಗಳು ಅಲ್ಲಿ, ತಿಂಗಳು ಇಲ್ಲಿ; ಓಡಾಟ ಹೆಲಿಕಾಪ್ಟರಿನಲ್ಲಿ. ಅದು ನೀರಿಗೆ ಬಿದ್ದು ಮಗುಚಿದರೆ ಹೊರಬರುವುದು ಹೇಗೆಂದು ಈಜುಕೊಳದಲ್ಲಿ ಮುಳುಗಿಸಿಯೇ ಕಲಿಸಿದ್ದಾರಂತೆ. ಒಂದು ಕೈ ಕಿಟಕಿಯ ಮೇಲೆ, ಇನ್ನೊಂದು ಬೆಲ್ಟಿನ ಮೇಲೆ. ತಲೆಕೆಳಗಾದರೂ ಕಿಟಕಿ ಬಿಡಬಾರದು. ಹಿಡಿಯುವುದನ್ನೇನೋ ಚೆನ್ನಾಗಿ ಕಲಿಸಿದರು. ಬಿಡುವುದನ್ನು ಕಲಿಸಲು ಮರೆತರು.

ಒಮ್ಮೆ ನಾವಿಬ್ಬರೂ ಹೊರಟಾಗ, ಹೊಸನಗರ ದಾಟಿ ತೀರ್ಥಹಳ್ಳಿ ಬರುವ ತನಕವೂ ಅವನ ಎಡಗೈ ಬಸ್ಸಿನ ಕಿಟಕಿಯ ಮೇಲೆ, ಬಲಗೈ ಪ್ಯಾಂಟಿನ ಬೆಲ್ಟಿನ ಮೇಲೆ. ಕಂಡಕ್ಟರ್ ಕನಿಕರದಿಂದ ನೋಡಿದ.

"ಹೊಟ್ಟೆನೋವಾ ಸಾರ್?"

"ಇಲ್ಲ. ಎಮರ್ಜೆನ್ಸಿ ಬಾಗಿಲಿಗೆ ಹಗ್ಗ ಯಾಕೆ ಕಟ್ಟಿದೀರಿ?"

"ಕಟ್ಟದಿದ್ರೆ ಅದಾಗೇ ತೆರ್ಕತ್ತದೆ ಸಾರ್. ಸೇಫ್ಟಿಗೆ ಅಂತಾನೇ ಕಟ್ಟಿದ್ದು."

ಭಾವನ ಎರಡೂ ಕೈ ಕೆಲಸದಲ್ಲಿದ್ದುದರಿಂದ ಟಿಕೆಟನ್ನು ಅವನ ಜೇಬಿಗೆ ನಾನೇ ತುರುಕಿದೆ.

ಸೇತುವೆ ಆಗುವ ಮೊದಲು, ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟುತ್ತಿದ್ದ ಕಾಲದಲ್ಲಂತೂ ಸಿಗಂದೂರು ದೇವಿಯ ದರ್ಶನಕ್ಕೆ ಹೊರಟವರಿಗೆಲ್ಲ ಇವನ ಉಪದೇಶ. "ಲೈಫ್ ಜಾಕೆಟ್ ಎಲ್ಲಿದೆ ಅಂತ ಮೊದ್ಲು ನೋಡ್ಕಳಿ."

"ದೇವಿ ನೋಡ್ಕತ್ತಾಳೆ ಮಾರಾಯ," ಎಂದರು ಒಬ್ಬರು ಅಜ್ಜಿ.

"ಅವ್ಳು ಆಚೆ ದಡದಲ್ಲಿದಾಳೆ ಅಜ್ಜಿ."

ಅಜ್ಜಿ ಎದ್ದು ಜಾಕೆಟ್ ಹುಡುಕತೊಡಗಿದರು.

ಊಟಕ್ಕೆ ಕೂತರೆ ಅಂಕಿ ಅಂಶ. "ಲಕ್ಷ ಗಂಟೆ ಹಾರಾಟಕ್ಕೆ ಎಷ್ಟು ಅಪಘಾತ ಅಂತ ನಮ್ಮಲ್ಲಿ ಲೆಕ್ಕ ಇಡ್ತಾರೆ. ನಿಮ್ಮ ಬಸ್ಸಿಗೆ ಯಾರು ಇಟ್ಟಿದಾರೆ?"

ಅಕ್ಕ ಒಂದು ದಿನ ಸಾರು ಬಡಿಸುತ್ತ ಕೇಳಿದಳು. "ಆ ಲಕ್ಷ ಗಂಟೇಲಿ ನಿಮ್ದು ಯಾವ ಗಂಟೆ?"

ಎಲ್ಲ ಅಂಕಿಯೂ ಬಾಯಿಪಾಠವಿದ್ದ ಭಾವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಕಳೆದ ಸಲ ಅವನು ಕೆಲಸಕ್ಕೆ ಹಿಂದಿರುಗಿದಾಗ, ಹೆಲಿಕಾಪ್ಟರ್ ಹತ್ತುವ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಹತ್ತುವ ಮೊದಲೊಂದು, ಇಳಿದ ಮೇಲೊಂದು ಮೆಸೇಜ್ ಹಾಕುವುದು ಅವನ ಕ್ರಮ. ಎರಡನೆಯದು ಬರುವ ಹೊತ್ತು ಮೀರಿತ್ತು ಎಂದು ನನಗೆ ಗೊತ್ತಿರಲಿಲ್ಲ. ಭಾವನನ್ನು ಆಡಿಕೊಳ್ಳಲು ಹೊಸ ಮಾತೊಂದನ್ನು ಸಿದ್ಧ ಮಾಡಿಕೊಂಡೇ ಅಡುಗೆಮನೆಗೆ ಕಾಲಿಟ್ಟೆ.

ಅಕ್ಕ ನಿಂತಿದ್ದಳು. ಎಡಗೈ ಕಿಟಕಿಯ ಸರಳಿನ ಮೇಲೆ, ಬಲಗೈ ಸೊಂಟದ ಮೇಲೆ.

"ಇಳಿದೆ ಅಂತ ಇನ್ನೂ ಬರ್ಲಿಲ್ಲ ಕಣೋ," ಅಂದಳು. "ಬರೋತನ್ಕ ಬಿಡಲ್ಲ."

ತಂದಿದ್ದ ಮಾತನ್ನು ನುಂಗಿಕೊಂಡು, ಪಕ್ಕದ ಸರಳು ಹಿಡಿದು ನಿಂತೆ. ಎಷ್ಟು ಹೊತ್ತೋ. ಫೋನು ಟಿಂಗ್ ಎಂದಿತು. ಅಕ್ಕ 'ಇಳಿದೆ' ಎಂಬುದನ್ನು ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಕಡೆ ತಿರುಗಿದಳು.

ನನಗೆ ಮಾತ್ರ ಕೈ ಬಿಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.