ನಮ್ಮ ಪ್ರೊಸೆಸರ್‌ನ ವಿಸರ್ಜನೆ

ಒಂದು ಪ್ರೊಸೆಸರ್‌ಗೆ ನಿಜವಾಗಿ ಎಷ್ಟು ತಾಕತ್ತಿದೆ ಎನ್ನುವುದು ಅದನ್ನು ಮಾಡಿದ ಕಂಪನಿಗೆ ಗೊತ್ತಿರುವುದಿಲ್ಲ. ಅದರ ಯಜಮಾನನಿಗೆ ಮಾತ್ರ ಗೊತ್ತಿರುತ್ತದೆ. ಈ ಮಹಾಸತ್ಯ ನನಗೆ ಹೊಳೆದದ್ದು ಒಂದು ಗುರುವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುವಾಗ.

ಹಾಸನದಲ್ಲಿ ಹೊಳೆನರಸೀಪುರ ರಸ್ತೆ ಕಡೆ ನಮ್ಮ ಮನೆ. ಮನೆ ಕಟ್ಟಿಸುವವರಿಗೆ ಪ್ಲಾನ್ ಬರೆದುಕೊಡುವುದು ನನ್ನ ಕಸುಬು. ಮುಂದಿನ ರೂಮೇ ಆಫೀಸು. ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೇ ಸಮಸ್ತ ಸಿಬ್ಬಂದಿ ವರ್ಗ.

ಆಗ ನನ್ನ ಕೈಲಿದ್ದದ್ದು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ನಂಜೇಗೌಡರ ಮನೆ. ಪ್ಲಾನ್ ಗೌಡರಿಗೆ ಒಪ್ಪಿಗೆಯಾಗಿತ್ತು. ಸೋಮವಾರ ಗುದ್ದಲಿ ಪೂಜೆ ಎಂದು ಗೊತ್ತಾಗಿತ್ತು. ಆದರೆ ಗೌಡರ ಹೆಂಡತಿ ಜಯಮ್ಮನವರು ಅಡ್ಡ ನಿಂತುಬಿಟ್ಟರು. ಕಾಗದದ ಮೇಲಿನ ಗೆರೆಗಳನ್ನು ತೋರಿಸಿ ಇದೇ ನಿಮ್ಮ ಅಡುಗೆಮನೆ ಅಂದರೆ ಅವರು ನಂಬಲು ತಯಾರಿರಲಿಲ್ಲ.

"ಕಣ್ಣಾರೆ ನೋಡೋಗಂಟ ಗುದ್ದಲಿ ಮುಟ್ಟಕ್ಕೆ ಬುಡಕಿಲ್ಲ ಅಂತಾವ್ಳೆ ಸಾ," ಎಂದು ಗೌಡರು ಫೋನಿನಲ್ಲಿ ಗೋಳಾಡಿದರು. "ಅರಕಲಗೂಡಿನೋರು ಒಬ್ರು ಟೀವಿಲೇ ಮನೆ ತೋರುಸ್ತಾರಂತೆ. ಅವರನ್ನೇ ಕರೆಸ್ಲಾ?"

ಅರಕಲಗೂಡಿನವರು! ನನ್ನ ಸ್ವಾಭಿಮಾನ ಧಗ್ಗೆಂದಿತು. "ಯಾಕೆ ಗೌಡ್ರೇ, ನಾನು ತೋರಿಸ್ತೀನಿ. ಒಳಗೆ ನಡೆದುಕೊಂಡು ಹೋದ ಹಾಗೇ ಇರುತ್ತೆ. ಸೋಮವಾರ ಪೂಜೆ ಹೊತ್ತಿಗೆ ವಿಡಿಯೋ ನಿಮ್ಮ ಶಾಮಿಯಾನದಲ್ಲಿ!" ಎಂದು ಮಾತು ಕೊಟ್ಟುಬಿಟ್ಟೆ.

ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಸುಲಭವಾಗಿಯೇ ಆಯಿತು. ಅದನ್ನು ವಿಡಿಯೋ ಮಾಡು ಎಂದು ಆಜ್ಞಾಪಿಸಿದಾಗ ಕಂಪ್ಯೂಟರು ಬಹಳ ಹೊತ್ತು ಲೆಕ್ಕ ಹಾಕಿ, ಮಂಗಳವಾರ ಸಂಜೆಗೆ ಮುಗಿಯುತ್ತದೆ ಎಂದು ತಿಳಿಸಿತು. ಸೋಮವಾರ ಪೂಜೆ, ಮಂಗಳವಾರ ವಿಡಿಯೋ! ಜಯಮ್ಮನವರು ಗುದ್ದಲಿಯನ್ನು ನನ್ನ ಮೇಲೇ ಎತ್ತುವುದು ಖಂಡಿತವಾಗಿತ್ತು.

ಆ ಉಪ್ಪಿಟ್ಟಿನ ಸಮಯದಲ್ಲೇ ಮೊಬೈಲಿನಲ್ಲಿ ಯಾವುದೋ ವಿಡಿಯೋದ ಹುಡುಗನೊಬ್ಬ ನನಗೆ ದಾರಿ ತೋರಿಸಿದ. ಅದರ ಹೆಸರು ಓವರ್‌ಕ್ಲಾಕ್. ಕಂಪನಿಯವರು ಗೊತ್ತು ಮಾಡಿದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಬಿಸಿ ಸ್ವಲ್ಪ ಹೆಚ್ಚಾಗುತ್ತದೆ, ಅದಕ್ಕೊಂದು ದೊಡ್ಡ ಫ್ಯಾನ್ ಹಾಕಿದರಾಯಿತು, ಅಷ್ಟೇ. ಬಿಸಿಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಹಾಸನ ಬಡವರ ಊಟಿ. ಇಲ್ಲಿ ಮನುಷ್ಯರಿಗೇ ಫ್ಯಾನ್ ಬೇಡ, ಪ್ರೊಸೆಸರ್‌ಗೆ ಯಾಕೆ?

ಆದರೂ ಶಾಸ್ತ್ರಕ್ಕೆ ಕಮ್ಮಿಯಾಗಬಾರದೆಂದು ಶುಕ್ರವಾರ ದೊಡ್ಡ ಫ್ಯಾನ್ ತಂದೆ. ಕ್ಯಾಬಿನೆಟ್ ಬಿಚ್ಚಿ, ಹಳೆಯ ಫ್ಯಾನ್ ಕಿತ್ತು, ಪ್ರೊಸೆಸರನ್ನು ಒರೆಸಿದೆ. ಅದು ಹೊಸ ಬೆಳ್ಳಿ ಬಿಲ್ಲೆಯ ಹಾಗೆ ಫಳಫಳ ಎಂದಿತು. ಅಷ್ಟರಲ್ಲಿ ಅವ್ವ ಪೂಜೆ ತಟ್ಟೆ ಹಿಡಿದುಕೊಂಡು ಬಂದಳು.

"ಶುಕ್ರವಾರ ಒಸಾ ಸಾಮಾನು ಮನೆಗೆ ಬಂದೈತೆ. ಪೂಜೆ ಮಾಡ್ದೆ ಅಂಗೇ ಕೂರುಸ್ತೀಯೇನ್ಲಾ?"

"ಅವ್ವ, ಇದು ಟ್ರ್ಯಾಕ್ಟರ್ ಅಲ್ಲ."

"ಜೋರಾಗಿ ಓಡ್ಲಿ ಅಂತ ತಾನೆ ಇದೆಲ್ಲಾ ಮಾಡ್ತಿರೋದು?"

"ಹೌದು."

"ಮತ್ತೆ? ಟ್ಯಾಕ್ಟ್ರೂ ಅದಕ್ಕೇ ಕಣ್ಲಾ."

ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವ್ವ ಪ್ರೊಸೆಸರ್‌ಗೆ ಗಂಧ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ ಕೈಮುಗಿದಳು. ನಿಂಬೆಹಣ್ಣನ್ನು ಯಾವ ಚಕ್ರದ ಕೆಳಗೆ ಇಡಲಿ ಎಂದು ಕೇಳಿದಳು. ಚಕ್ರ ಇಲ್ಲ ಎಂದೆ. ಕೀಬೋರ್ಡ್ ಮುಂದೆ ಇಟ್ಟಳು. ಇಟ್ಟ ಕುಂಕುಮವನ್ನು ಒರೆಸುವ ಧೈರ್ಯ ಯಾರಿಗಿದೆ? ಕಣ್ಣಿಗೆ ಕಂಡ ಅಕ್ಕಿ ಕಾಳುಗಳನ್ನು ಊದಿ ಹಾರಿಸಿದೆ. ಉಳಿದುದರ ಮೇಲೇ ಥರ್ಮಲ್ ಪೇಸ್ಟ್ ಎಂಬ ಬೂದು ಬಣ್ಣದ ಅಂಟನ್ನು ಹಚ್ಚಿ, ಫ್ಯಾನ್ ಕೂರಿಸಿ, ಬಿಗಿಯಾಗಿ ಸ್ಕ್ರೂ ತಿರುಗಿಸಿದೆ. ಪ್ರೊಸೆಸರಿನ ಬಿಸಿ ಮೇಲಿನ ಫ್ಯಾನಿಗೆ ದಾಟುವುದು ಆ ಅಂಟಿನ ಮೂಲಕವೇ.

ವೇಗವನ್ನು ಮೂರರಿಂದ ಐದು ಗಿಗಾಹರ್ಟ್ಸ್‌ಗೆ ಏರಿಸಿದೆ. ಕಂಪ್ಯೂಟರ್ ಆನ್ ಆಯಿತು! ಕೇಕೆ ಹಾಕಿ ಹೆಂಡತಿಯನ್ನು ಕರೆದೆ.

"ಸವಿತಾ, ಐದು! ಐದಕ್ಕೆ ಹೋಯ್ತು!"

ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಮೊದಲೂ ಹಿಂಗೇ ಇತ್ತಲ್ರೀ?"

"ಒಳಗೆ ವೇಗವಾಗಿದೆ ಕಣೆ."

"ಒಳಗೆ ಆದ್ರೆ ಏನ್ ಬಂತು," ಎಂದು ಸಾರು ಕುದಿಸಲು ಹೋದಳು.

ವಿಡಿಯೋ ಕೆಲಸ ಶುರುವಾಯಿತು. ಜಗುಲಿ ಮುಗಿಯಿತು, ಹಾಲ್ ಮುಗಿಯಿತು, ದೇವರ ಮನೆ ಮುಗಿಯಿತು. ಅಡುಗೆಮನೆ ಬಾಗಿಲಿಗೆ ಬಂದ ಕೂಡಲೇ ಪರದೆ ನೀಲಿಯಾಗಿ, ಬಾಯಿ ಸೊಟ್ಟ ಮಾಡಿದ ಒಂದು ಮುಖ ಕಾಣಿಸಿಕೊಂಡಿತು. ಮತ್ತೆ ಆನ್ ಮಾಡಿದೆ. ಮುಗಿದ ಕೋಣೆಗಳು ಹಾಗೇ ಉಳಿದಿದ್ದವು. ಮತ್ತೆ ಅದೇ ಬಾಗಿಲು, ಅದೇ ಸೊಟ್ಟ ಮುಖ!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕರೆಂಟು ಡೊಂಕು ಎಂದು ತೀರ್ಮಾನಿಸಿದೆ. ಪಕ್ಕದ ಮನೆಯ ರಾಜಣ್ಣ ಬೋರ್‌ವೆಲ್ ಮೋಟರ್ ಹಾಕಿದಾಗಲೆಲ್ಲ ನಮ್ಮ ಮನೆಯ ವೋಲ್ಟೇಜ್ ಕುಸಿಯುತ್ತಿರಬೇಕು. ಕಾಂಪೌಂಡಿನ ಮೇಲೆ ತಲೆ ಹಾಕಿ ಗಂಭೀರವಾಗಿ ಹೇಳಿದೆ: "ರಾಜಣ್ಣ, ತಪ್ಪು ತಿಳ್ಕೋಬೇಡಿ. ಭಾನುವಾರದವರೆಗೆ ದಯವಿಟ್ಟು ಮೋಟರ್ ಹಾಕಬೇಡಿ."

"ಆಯ್ತು ಬುಡಿ ಸಾ," ಎಂದ ರಾಜಣ್ಣ. "ಅದು ಸುಟ್ಟೋಗಿ ವಾರ ಆಯ್ತು. ನಿಮ್ಮನೆ ನಲ್ಲಿಯಿಂದ್ಲೇ ನೀರು ಇಡೀತಿವ್ನಿ. ಮೇಡಮ್ಮೋರು ಯೋಳ್ಲಿಲ್ವಾ?"

ಮೇಡಮ್ಮೋರು ಒಳಗೆ ನಗುತ್ತಿದ್ದರು.

ಶನಿವಾರ ಮೊಬೈಲಿನ ಹುಡುಗನನ್ನು ಮತ್ತೆ ಕೇಳಿದೆ. ಅಸ್ಥಿರತೆ ಇದ್ದರೆ ಪ್ರೊಸೆಸರ್‌ಗೆ ಕೊಡುವ ವೋಲ್ಟೇಜನ್ನು ಒಂಚೂರು ಹೆಚ್ಚಿಸಿ ಎಂದ. ಒಂಚೂರು ಎಂಬ ಪದ ನನ್ನ ಸ್ವಭಾವಕ್ಕೆ ಹೊಂದುವುದಿಲ್ಲ. ಧಾರಾಳವಾಗಿಯೇ ಕೊಟ್ಟೆ. ಈ ಸಲ ನೀಲಿ ಪರದೆಯೂ ಬರಲಿಲ್ಲ! ಯಾವ ಪರದೆಯೂ ಬರಲಿಲ್ಲ. ಕಂಪ್ಯೂಟರು ಮೌನವ್ರತಕ್ಕೆ ಕೂತಿತು.

ಅದನ್ನು ಮತ್ತೆ ಮಾತಾಡಿಸಲು ಒಳಗಿನ ಬಿಲ್ಲೆ ಬ್ಯಾಟರಿಯನ್ನು ತೆಗೆದು ಹಾಕಬೇಕಾಯಿತು. ತೆಗೆದೆ. ಅದು ಉರುಳಿಕೊಂಡು ಬೀರುವಿನ ಕೆಳಗೆ ಹೋಯಿತು. ಹೊಟ್ಟೆಯ ಮೇಲೆ ಮಲಗಿ ಪೊರಕೆ ಕಡ್ಡಿಯಿಂದ ಅದನ್ನು ಎಳೆಯುತ್ತಿದ್ದಾಗ ಗೌಡರ ಫೋನ್ ಬಂತು.

"ಏನ್ ಸಾ, ಎಲ್ಲಿಗಂಟ ಬಂತು ನಮ್ ಮನೆ?"

"ದೇವರ ಮನೆ ದಾಟಿದೆ ಗೌಡ್ರೇ!"

"ಅಡ್ಗೆಮನೆ?"

"ಬಾಗಿಲಲ್ಲೇ ನಿಂತಿದೀವಿ."

"ನೆನ್ನೆ ರಾತ್ರಿ ಫೋನ್ ಮಾಡ್ದಾಗ್ಲೂ ಬಾಗ್ಲಲ್ಲೇ ಅಂದ್ರಿ! ನಮ್ ಮೇಸ್ತ್ರಿ ಇದ್ಕಿಂತ ಬಿರ್ರನೆ ಕಟ್ತಾನೆ ಕಣ್ ಸಾ. ಅರಕಲಗೂಡಿನೋರು ನಾಳೇನೇ ಬತ್ತೀನಿ ಅಂತಾವ್ರೆ."

ಬ್ಯಾಟರಿ ಹಾಕಿದ ಮೇಲೆ ಕಂಪ್ಯೂಟರ್ ಎದ್ದಿತು. ಆದರೆ ನಾನು ಕೊಟ್ಟ ವೇಗ, ವೋಲ್ಟೇಜು ಏನೂ ಅದಕ್ಕೆ ನೆನಪಿರಲಿಲ್ಲ. ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗಿ ನಿಂತಿತ್ತು. "ಆ ವರ್ಷವೇ ಚೆನ್ನಾಗಿತ್ತು, ಈ ಓವರ್‌ಕ್ಲಾಕ್ ಇರಲಿಲ್ಲ," ಎಂದಳು ಸವಿತಾ. ನಾನು ಕೇಳಿಸದವನಂತೆ ಐದು ಗಿಗಾಹರ್ಟ್ಸನ್ನು ಮತ್ತೆ ಕೂರಿಸಿದೆ. ವೋಲ್ಟೇಜನ್ನು ಮಾತ್ರ ಆ ಹುಡುಗ ಹೇಳಿದಷ್ಟೇ ಇಟ್ಟೆ. ಹಳೆಯ ವೇಗಕ್ಕೆ ಇಳಿಸಿದರೆ ವಿಡಿಯೋ ಮತ್ತೆ ಮಂಗಳವಾರವೇ. ಹಾಗಾಗಿ ಹಿಂದೆ ಹೋಗುವ ದಾರಿಯೂ ಮುಚ್ಚಿತ್ತು.

ಈಗ ಬಿಸಿಯನ್ನು ಅಳೆದು ನೋಡಿದೆ. ನೂರು ಡಿಗ್ರಿಯ ಹತ್ತಿರ! ಮುಟ್ಟಿದರೆ ಕೈ ಸುಡುವ ಬಿಸಿ. ಬಡವರ ಊಟಿಗೆ ಅವಮಾನ! ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿಟ್ಟೆ. ಅವ್ವನ ಮುಂದಿದ್ದ ಟೇಬಲ್ ಫ್ಯಾನನ್ನು ಕಿತ್ತು ತಂದು ಅದರ ಮುಂದಿಟ್ಟೆ. ಅಡುಗೆಮನೆ ಬಾಗಿಲವರೆಗೆ ಬಂದ ವಿಡಿಯೋ ಈ ಸಲ ಹೊಸ್ತಿಲು ದಾಟಿತು, ಒಲೆಕಟ್ಟೆ ಕಾಣಿಸಿತು, ಆಮೇಲೆ ಸೊಟ್ಟ ಮುಖ. ಹೊಸ್ತಿಲು ದಾಟಿದ್ದೇ ದೊಡ್ಡ ಗೆಲುವು ಎಂದು ಕುಣಿದಾಡಿದೆ. ತಂಪು ಇನ್ನಷ್ಟು ಬೇಕು! ಕಂಪ್ಯೂಟರನ್ನು ನಮ್ಮ ಅಡುಗೆಮನೆಗೆ ಹೊತ್ತುಕೊಂಡು ಹೋಗಿ, ಫ್ರಿಜ್ಜಿನ ಬಾಗಿಲು ತೆರೆದು, ಅದರ ಮುಂದೆ ಪ್ರತಿಷ್ಠಾಪಿಸಿದೆ.

ಮತ್ತೆ ಗೌಡರು. "ಎಲ್ಲಿಗೆ ಬಂತು ಸಾ?"

"ಅಡುಗೆಮನೇಲೇ ಇದೀವಿ ಗೌಡ್ರೇ!" ಎಂದೆ. ಆ ಮೂರು ದಿನಗಳಲ್ಲಿ ನಾನು ಅವರಿಗೆ ಹೇಳಿದ ಏಕೈಕ ಅಕ್ಷರಶಃ ನಿಜ ಅದು.

ಫ್ರಿಜ್ಜಿನ ಬಾಗಿಲು ಮುಚ್ಚಲು ಬಂದ ಸವಿತಾಳ ಕೈ ಆ ದೊಡ್ಡ ಫ್ಯಾನಿನ ಬುಡದ ಲೋಹಕ್ಕೆ ತಾಗಿತು. ನಾನು ಸುಟ್ಟೀತು ಎಂದು ಕಿರುಚಿದೆ. ಅವಳು ಕೈ ಅಲ್ಲೇ ಇಟ್ಟುಕೊಂಡು ನಿಂತಳು.

"ಇದು ತಣ್ಣಗೇ ಇದೆಯಲ್ರೀ. ಒಳಗೆ ನೂರು ಅಂತೀರಾ. ಹಂಚು ಕಾದ್ರೆ ದೋಸೆನೂ ಕಾಯಬೇಕಲ್ವಾ? ಮಧ್ಯೆ ಏನೋ ಸಿಕ್ಕೊಂಡಿದೆ ನೋಡಿ."

ನನ್ನ ಎದೆಯಲ್ಲಿ ಪೂಜೆಯ ಗಂಟೆ ಬಾರಿಸಿದಂತಾಯಿತು. ಸ್ಕ್ರೂ ಬಿಚ್ಚಿ ಫ್ಯಾನ್ ಎತ್ತಿದೆ. ಬೂದು ಅಂಟಿನ ನಡುವೆ, ಗಂಧದಲ್ಲಿ ಕಚ್ಚಿಕೊಂಡು, ಅವ್ವನ ಅಕ್ಷತೆಯ ಎರಡು ಕಾಳುಗಳು ದೊಡ್ಡ ಫ್ಯಾನನ್ನು ಒಂದು ಮಗ್ಗುಲಲ್ಲಿ ಎತ್ತಿ ಹಿಡಿದು ನಿಂತಿದ್ದವು! ಪ್ರೊಸೆಸರ್ ಕೆಳಗೆ ಬೇಯುತ್ತಿತ್ತು, ಫ್ಯಾನ್ ಮೇಲೆ ಸುಮ್ಮನೆ ಗಾಳಿ ಕುಡಿಯುತ್ತಿತ್ತು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ರೋಗ ಸಿಕ್ಕಿತ್ತು! ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ.

"ಮುಟ್ಬೇಡ!" ಎಂದು ಅವ್ವ ಅಬ್ಬರಿಸಿದಳು. "ಇಟ್ಟಿರೋ ಕುಂಕುಮ ಒರುಸ್ತೀಯಾ? ಸೊಸೆ ಇರೋ ಮನೇಲಿ?"

"ಅವ್ವ, ಅದು ಅಲ್ಲೇ ಇದ್ರೆ ಗೌಡ್ರ ಮನೆ ಎದ್ದೇಳಲ್ಲ."

"ಏಳ್ದೆ ಓದ್ರೆ ಓಗ್ಲಿ."

ನಾನು ಸವಿತಾಳ ಮುಖ ನೋಡಿದೆ. ಅವಳು ದೋಸೆ ಹಂಚಿನ ವಿಜ್ಞಾನವನ್ನೆಲ್ಲ ಮರೆತು, "ಅತ್ತೆ ಹೇಳೋದೂ ಸರಿ ಅಲ್ವಾ," ಎಂದಳು. ಅರಕಲಗೂಡಿನವರು ಚನ್ನರಾಯಪಟ್ಟಣದ ಬಸ್ಸು ಹತ್ತುವುದು ನನ್ನ ಕಣ್ಣ ಮುಂದೆ ಬಂತು. ನಿಜವಾಗಿಯೂ ಅಳು ಬರುವ ಹಾಗಾಯಿತು. ನನ್ನ ಮುಖ ನೋಡಿ ಅವ್ವನಿಗೂ ಕನಿಕರವಾಯಿತೇನೋ, ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು.

"ಗಣೇಶನ್ನ ಯೆಂಗೆ ಕಳುಸ್ತೀವಿ? ಇದನ್ನೂ ಅಂಗೇ ಕಳಿಸ್ಬುಡಾನ. ಮಂಗಳಾರತಿ ಮಾಡಿ ಉತ್ರಕ್ಕೆ ಸರುಸು. ಆಮೇಲೆ ಅದು ದ್ಯಾವ್ರಲ್ಲ, ಸಾಮಾನು. ಏನಾರ ಮಾಡ್ಕೊ."

ಈ ತೀರ್ಪನ್ನು ನಾನು ತಲೆಬಾಗಿ ಸ್ವೀಕರಿಸಿದೆ. ಮೊಬೈಲಿನಲ್ಲಿ ಉತ್ತರ ದಿಕ್ಕನ್ನು ಹುಡುಕಿದೆ. ಅದು ಫ್ರಿಜ್ಜಿನ ಕಡೆಗೇ ಇತ್ತು. ಸವಿತಾ ಮಂಗಳಾರತಿ ಮಾಡಿದಳು, ಅವ್ವ ಅಕ್ಷತೆ ತೆಗೆದುಕೊಂಡಳು. "ಅಕ್ಷತೆ ಬೇಡವ್ವಾ!" ಎಂದು ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಹೂವಿನ ಎಸಳು ಹಾಕಲು ಒಪ್ಪಿದಳು. ನಾನು ಕ್ಯಾಬಿನೆಟ್ಟನ್ನು ಭಕ್ತಿಯಿಂದ ಒಂದು ಗೇಣು ಉತ್ತರಕ್ಕೆ ಸರಿಸಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಾಜಣ್ಣ, ಯಾರಿಗೆ ಎಂದು ತಿಳಿಯದೆ, ತಾನೂ ಕೈಮುಗಿದ.

ಆಮೇಲೆ ಮೆಡಿಕಲ್ ಸ್ಟೋರಿನಿಂದ ತಂದ ಸ್ಪಿರಿಟ್‌ನಲ್ಲಿ ಒರೆಸಿದೆ. ಅವ್ವ ಮೂಗು ಹಿಡಿದುಕೊಂಡು, "ಈಗ್ತಾನೆ ದ್ಯಾವ್ರಾಗಿತ್ತು, ಆಗ್ಲೇ ಎಂಡ ಕುಡುಸ್ತಾವ್ನೆ," ಎಂದಳು. ನಾನು ಲೆಕ್ಕಿಸಲಿಲ್ಲ. ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಕೂರಿಸಿ, ಐದು ಗಿಗಾಹರ್ಟ್ಸಿನಲ್ಲಿ ಓಡಿಸಿದೆ. ಬಿಸಿ ಅರವತ್ತರ ಮೇಲೆ ಏರಲಿಲ್ಲ! ವಿಡಿಯೋ ಅಡುಗೆಮನೆ ಹೊಕ್ಕಿತು, ಒಲೆಕಟ್ಟೆ ದಾಟಿತು, ಸಿಂಕಿನ ಮುಂದೆ ನಿಂತು ಕಿಟಕಿಯಾಚೆ ನೋಡಿತು, ಮೆಟ್ಟಿಲು ಹತ್ತಿತು. ಭಾನುವಾರ ಸಂಜೆ ಕೆಲಸ ಮುಗಿದು, ಪರದೆಯ ಮೇಲೆ ಇಡೀ ಮನೆ ಜಗಮಗಿಸಿದಾಗ ನಾನು ಸವಿತಾಳ ಎರಡೂ ಕೈ ಹಿಡಿದು ಹಾಲ್‌ನಲ್ಲಿ ಒಂದು ಸುತ್ತು ತಿರುಗಿಸಿಬಿಟ್ಟೆ. ಜೀವನದಲ್ಲಿ ಇಷ್ಟು ದೊಡ್ಡ ಗೆಲುವು ನನಗೆ ಸಿಕ್ಕಿರಲಿಲ್ಲ.

ಸೋಮವಾರ ಚನ್ನರಾಯಪಟ್ಟಣದಲ್ಲಿ ಶಾಮಿಯಾನದ ಕೆಳಗೆ ದೊಡ್ಡ ಟೀವಿ. ಮುಂದಿನ ಸಾಲಿನಲ್ಲಿ ಜಯಮ್ಮನವರು. ಪುರೋಹಿತರು ಮುಹೂರ್ತ ಮೀರುತ್ತದೆಂದು ಗಡಿಯಾರ ನೋಡುತ್ತಿದ್ದರು. ಜಗುಲಿ ಬಂತು, ಜಯಮ್ಮ ಸೆರಗು ಸರಿಮಾಡಿಕೊಂಡರು. ಹಾಲ್ ಬಂತು, ಎಲೆ ಅಡಿಕೆ ಮಡಿಸಿ ಬಾಯಿಗಿಟ್ಟರು. ಅಡುಗೆಮನೆಯ ಗ್ರಾನೈಟು ಕನ್ನಡಿಯ ಹಾಗೆ ಹೊಳೆಯಿತು, ಆಗ ಒಂದು ಆಕಳಿಕೆ ತೆಗೆದರು. ಸಿಂಕಿನ ಕಿಟಕಿ ಬಂತು. ಹಿತ್ತಲು ಬಿಕೋ ಎನ್ನುತ್ತದೆಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಹಸುವನ್ನು ತಂದು ಅಲ್ಲಿ ನಿಲ್ಲಿಸಿದ್ದೆ.

"ನಿಲ್ಸಿ, ನಿಲ್ಸಿ!" ಎಂದು ಜಯಮ್ಮ ಎದ್ದು ನಿಂತರು.

ಶಾಮಿಯಾನವೇ ಎದ್ದು ಟೀವಿಯ ಮುಂದೆ ಬಂತು.

"ಎಚ್ಚೆಫ್ ಸೀಮೆಅಸ ಕಣ್ಲಾ ಅದು!"

"ಕೆಚ್ಚಲು ನೋಡ್ಲಾ, ಕೆಚ್ಚಲಾ! ಎರಡ್ನೇ ಸೂಲು ಇರ್ಬೇಕು."

"ಒತ್ತಿಗೆ ಅದ್ನೈದು ಲೀಟ್ರಿಗೆ ಮೋಸ ಇಲ್ಲ."

ಜಯಮ್ಮನವರು ಹಸುವಿನಿಂದ ಕಣ್ಣು ಕೀಳದೆ ಗಂಡನಿಗೆ ಹೇಳಿದರು: "ಪಾತ್ರೆ ತೊಳೀತಾ ಅಸ ಕಾಣ್ತದೆ ಕಣ್ರೀ. ಈ ಮನೆನೇ ಆಗ್ಲಿ. ತಗಳಿ ಗುದ್ಲಿಯ!"

ಗುದ್ದಲಿ ಬಿತ್ತು! ನಾನು ಗೆದ್ದೆ! ಊಟದ ಹೊತ್ತಿನಲ್ಲಿ ಐದು ಗಿಗಾಹರ್ಟ್ಸಿನ ಕಥೆ ಹೇಳಲು ಎಲೆಯಿಂದ ಎಲೆಗೆ ಅಲೆದೆ. ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಆ ಹಸುವಿಗೆ ಏನು ತಿನ್ನಿಸುತ್ತೀರಿ ಎಂದು.

ಮರುದಿನ ಬೆಳಿಗ್ಗೆ ಫೋನ್ ಬಂತು. "ಸಾ, ಶ್ರವಣಬೆಳಗೊಳದಿಂದ ಮಾತಾಡ್ತಿರೋದು. ನಿಮ್ಮತ್ರ ಒಳ್ಳೇ ಎಚ್ಚೆಫ್ ಐತಂತಲ್ಲಾ?"

"ನೋಡಿ, ನಾನು ಮನೆ ಪ್ಲಾನ್ ಬರೆಯೋನು," ಎಂದೆ ಬಿಗುಮಾನದಿಂದ.

"ಇರ್ಲಿ ಬುಡಿ ಸಾ, ಒಟ್ಟೆಪಾಡಿಗೆ ಏನಾರ ಮಾಡ್ಲೇಬೇಕಲ್ಲ. ಅಸ ಯಾವಾಗ ತೋರುಸ್ತೀರಾ?"

ನಾನು ಹೊಸ ಕಾಗದವೊಂದನ್ನು ಮೇಜಿನ ಮೇಲೆ ಹರಡಿದೆ. ಆಮೇಲೆ ಬುಧವಾರ ಬನ್ನಿ ಎಂದೆ. ಪುಣ್ಯಾತ್ಮನಿಗೆ ಕೊಟ್ಟಿಗೆ ಕಟ್ಟಿಸುವ ಯೋಚನೆಯಾದರೂ ಇರಬಹುದು!