ತತ್ತಿ ಬಳಿದ ಗಾಜು

ಗಾಜು ಒಡೆಯಬಹುದಿತ್ತು. ಮೂರು ಕಾಲಿನ ಮರದ ಕ್ಯಾಮೆರಾ ಪೆಟ್ಟಿಗೆ ಕಂಡು ಗುಡಿಯ ಕಾವಲುಗಾರ ಪೊಲೀಸರಿಗೆ ಫೋನು ಹಚ್ಚಬಹುದಿತ್ತು. ಶಿಖರದ ಹೆಜ್ಜೇನು ಏಳಬಹುದಿತ್ತು. ಅತ್ತೆ ಸಿಟ್ಟಾಗಿ ಕುಷ್ಟಗಿಯ ತವರಿಗೆ ಬಸ್ಸು ಹತ್ತಬಹುದಿತ್ತು. ನನಗೆ ಬಿಪಿ ಏರಬಹುದಿತ್ತು. ಅದು ನಾವು ಹೊರಡುವ ಮೊದಲೇ ಏರಿತ್ತು, ಬಿಡಿ!

ನಮ್ಮ ಸೋದರಮಾವನಂಥವರು ಕುಕನೂರಿಗೆ ಒಬ್ಬರೇ ಇರುವುದು ದೇವರ ದೊಡ್ಡ ಉಪಕಾರ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಮುಂದಕ್ಕೆ ಹೋದರೇ? ಇಲ್ಲ, ನೂರೈವತ್ತು ವರ್ಷ ಹಿಂದಕ್ಕೆ ಹೋದರು! ಯಾವನೋ ಬಿಳಿ ದೊರೆ ತೆಗೆದ ಹಳೆಯ ಫೋಟೋ ಒಂದು ಅವರಿಗೆ ಸಿಕ್ಕಿತ್ತು. ಇಟಗಿಯ ಪಾಳುಬಿದ್ದ ಮಹಾದೇವ ಗುಡಿ; ಎತ್ತರ ತಿಳಿಯಲೆಂದು ಕಂಬದ ಪಕ್ಕ ಒಬ್ಬ ಮನುಷ್ಯ.

"ಕೈ ನಡುಗೂದು ಜಾಸ್ತಿ ಆಗೂದ್ರೊಳಗ ಇಂಥಾದ್ದೊಂದು ತಗೀಬೇಕು ಅಳಿಯಾ. ಅಂವ ಹೆಂಗ ತಗದಾನೋ, ಹಂಗ."

ಹಂಗ ಎಂದರೆ? ಫಿಲ್ಮಿನ ಬದಲು ಗಾಜು, ಆ ಗಾಜಿಗೆ ಮೊಟ್ಟೆಯ ಬಿಳಿ ಲೋಳೆ, ಮದ್ದು ಬೆರೆಸಿ ಬಳಿದು! ಬೆಳ್ಳುಳ್ಳಿಗೂ ಸೋಮವಾರ ರಜೆ ಕೊಡುವ ಮನೆಯಲ್ಲಿ!

ಅತ್ತೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಬಂದರು. "ತತ್ತಿ? ನಮ್ಮ ಮನ್ಯಾಗ?"

"ತಿನ್ನಾಕಲ್ಲ, ಬಳಿಯಾಕ."

"ಬಳಿಯಾಕ ಸುಣ್ಣ ಐತಿ!"

ಮಾವ ಸೀದಾ ಎಗ್‌ರೈಸ್ ಬಂಡಿಗೆ ಹೋಗಿ, "ಹಳದಿ ನಿನಗ, ಬಿಳಿ ನನಗ" ಎಂದು ಒಪ್ಪಂದ ಮಾಡಿಕೊಂಡರು. ಮರುದಿನವೇ ಸುದ್ದಿ ಹಬ್ಬಿತು: ಮಾವ ಕದ್ದು ಮೊಟ್ಟೆ ತಿನ್ನುತ್ತಾರೆ! ನೆಂಟರಿಗೆಲ್ಲ ಫೋನು ಮಾಡಿ "ಬರೇ ಬಳಿಯಾಕ್ರಿ" ಎಂದು ತಿಳಿಹೇಳುವ ಕೆಲಸ ನನಗೆ ಬಿತ್ತು. ಕೊಪ್ಪಳದ ದೊಡ್ಡಮ್ಮ ಗಾಬರಿಯಿಂದ ಕೇಳಿದರು: "ಅಯ್ಯ ಶಿವನ, ಎಲ್ಲೆಲ್ಲಿ ಬಳಕೋತಾನ?"

ಬಳಿದ ಮೂರು ಗಾಜುಗಳಲ್ಲಿ ಎರಡು, ಮಾವನ ಕೈ ನಡುಗಿ ಕೆಟ್ಟವು. "ಇನ್ನೊಂದು ಬಳಿಯಾಕ ಈ ಕೈಲೆ ಆಗೂದಿಲ್ಲ" ಎಂದರು. ಉಳಿದ ಒಂದನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮಾವ, ಅತ್ತೆ, ನಾನು ಮೂವರೂ ಇಟಗಿಗೆ ಹೋದೆವು.

ಕಂಬದ ಪಕ್ಕ ನಿಲ್ಲಲು ನಾನು ತಲೆ ಬಾಚಿಕೊಂಡು ಹೊರಟೆ.

"ನೀ ಅಲ್ಲಲೇ," ಎಂದು ಮಾವ ಅತ್ತೆಯ ಕಡೆ ತಿರುಗಿದರು. "ನೀ ನಿಂದ್ರು. ಊರಮಂದಿ ಫೋಟೋ ಎಲ್ಲಾ ತಗದೀನಿ. ನಿಂದು ಒಂದೂ ನೆಟ್ಟಗ ತಗದಿಲ್ಲ."

ನಾನು ದಂಗಾದೆ. ಇಷ್ಟೆಲ್ಲ ಗುಡಿಗಾಗಿ ಎಂದುಕೊಂಡಿದ್ದೆನಲ್ಲ! ಅತ್ತೆ "ಈ ತತ್ತಿ ಗಾಜಿನ್ಯಾಗ?" ಎಂದರು. ಆದರೂ ಸೆರಗು ಸರಿಮಾಡಿಕೊಂಡು ನಿಂತರು.

ಗಾಜಿನ ಮೇಲೆ ಚಿತ್ರ ಮೂಡಲು ಐದು ನಿಮಿಷ ಅಲುಗಾಡಬಾರದು. ಅತ್ತೆ, ಮಾತಿಲ್ಲದೆ, ಐದು ನಿಮಿಷ! ಎರಡು ನಿಮಿಷ ಕಳೆಯಿತು. ಉಸಿರು ಬಿಗಿಹಿಡಿದು ಗಡಿಯಾರ ನೋಡುತ್ತಿದ್ದ ಮಾವನಿಗೆ ಕೆಮ್ಮು ಹತ್ತಿತು.

"ನೀರ ಕುಡೀರಿ!" ಅತ್ತೆ ಓಡಿದರು.

"ಅಲ್ಲೇ ನಿಂದ್ರ!" ಮಾವ ಕೆಮ್ಮುತ್ತಲೇ ಕೂಗಿದರು.

ಅರ್ಧ ದಾರಿಯಲ್ಲಿ, ಚಾಚಿದ ಕೈ ಚಾಚಿದ ಹಾಗೇ ಅತ್ತೆ ಕಲ್ಲಾದರು. ನಾನು ಕಣ್ಣು ಮುಚ್ಚಿಕೊಂಡೆ. ಇದ್ದದ್ದೇ ಒಂದು ಗಾಜು!

ಮನೆಗೆ ಬಂದು ಗಾಜು ತೊಳೆದು ಕಾಗದದ ಮೇಲೆ ಅಚ್ಚು ತೆಗೆದರೆ, ಗುಡಿ ಈಗಷ್ಟೇ ಕಡೆದಿಟ್ಟಂತೆ ಮೂಡಿತ್ತು. ಅತ್ತೆ ಮಾತ್ರ ಇಬ್ಬರಿದ್ದರು! ಕಂಬದ ಬಳಿ ಒಬ್ಬರು, ಮೈಯೊಳಗಿಂದ ಕಲ್ಲು ಕಾಣುವಷ್ಟು ತೆಳುವಾಗಿ. ಇನ್ನೊಬ್ಬರು ಈಚೆಗೆ, ಮಾವನತ್ತ ಕೈ ಚಾಚಿಕೊಂಡು. ಮಾವ ಆ ಈಚಿನವರನ್ನೇ ಬಹಳ ಹೊತ್ತು ನೋಡಿದರು.

"ಎಲ್ಲಾ ಕೆಟ್ಟು ಹೋತೇನ್ರಿ?" ಬಾಗಿಲಲ್ಲಿ ನಿಂತ ಅತ್ತೆಯ ದನಿ ಸಣ್ಣದಾಗಿತ್ತು.

"ಏನೂ ಕೆಟ್ಟಿಲ್ಲ," ಎಂದರು ಮಾವ, ತಲೆ ಎತ್ತದೆ. "ನೀ ಒಂಚೂರು ಅಳ್ಳಾಡಿದಿ, ಅಷ್ಟ."