ಅಕ್ಕತನದ ಅಮಾನತು

ವಸತಿ ಯೋಜನಾ ಕಚೇರಿಗೆ ನಿವಾಸಿಗಳಿಂದ ಬಂದ ಯಾವ ದೂರೂ ಇಂದಿನವರೆಗೆ ಉತ್ತರವಿಲ್ಲದೆ ಉಳಿದಿಲ್ಲ. ಪರಿಹಾರವಿಲ್ಲದೆ ಉಳಿದಿರಬಹುದು, ಅದು ಬೇರೆ ವಿಭಾಗದ ಕೆಲಸ, ಆ ವಿಭಾಗವನ್ನು ಇನ್ನೂ ತೆರೆದಿಲ್ಲ.

ಉತ್ತರ ಬರೆಯುತ್ತಿದ್ದವನು ಒಬ್ಬನೇ ಗುಮಾಸ್ತ. ಹಿಂದೆ ಇಬ್ಬರಿದ್ದರು. ಒಬ್ಬರು ನಿವೃತ್ತರಾದ ಮೇಲೆ ಆ ಜಾಗ ಖಾಲಿ ಬಿತ್ತು. ಜಾಗ ಯಾಕೆ ಖಾಲಿ ಇದೆ ಎಂದು ಯಾರೋ ದೂರು ಕೊಟ್ಟಾಗ ಅದಕ್ಕೂ ಇವನೇ ಉತ್ತರ ಬರೆದ. ಅವನ ಉತ್ತರಗಳಿಗೆ ಒಳ್ಳೆಯ ಹೆಸರಿತ್ತು. ಗೋಡೆ ಬಿರುಕು ಬಿಟ್ಟಿದೆ ಎಂದು ಕೂಗಾಡಿಕೊಂಡು ಬಂದ ಮನುಷ್ಯ ಅವನ ಉತ್ತರ ಓದಿದ ಮೇಲೆ, ತಪ್ಪು ತನ್ನದೇ ಇರಬೇಕು ಎಂದುಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ. ಒಬ್ಬ ಹಿರಿಯರಂತೂ ತಮಗೆ ಬಂದ ಉತ್ತರಕ್ಕೆ ಕಟ್ಟು ಹಾಕಿಸಿ ಅದೇ ಬಿರುಕಿನ ಮೇಲೆ ತೂಗುಹಾಕಿದ್ದರು.

ಗುಮಾಸ್ತ ಮದುವೆಯಾಗಿರಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಅಕ್ಕನ ಜೊತೆ ಇದ್ದ. ತಾಯಿ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕನೇ ಗುಂಡಿ ಹಾಕಿದಳು, ಅಕ್ಷರ ಕಲಿಸಿದಳು, ದೊಡ್ಡವನನ್ನು ಮಾಡಿದಳು. ಈಗ ಅವನ ತಲೆ ಅರ್ಧ ನರೆತಿದ್ದರೂ ಅವಳ ಬಾಯಲ್ಲಿ ಅವನು 'ಪುಟ್ಟ'ನೇ.

ಅಕ್ಕನ ಕಸುಬು ರಫೂ. ಹರಿದದ್ದು, ಸುಟ್ಟದ್ದು, ನುಸಿ ತಿಂದದ್ದು, ಯಾವ ಬಟ್ಟೆಯೇ ಬರಲಿ, ಒಂದೊಂದೇ ಎಳೆ ಕೂಡಿಸಿ, ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನಿಗೇ ತಿಳಿಯದ ಹಾಗೆ ಮಾಡುತ್ತಿದ್ದಳು. ಅದಕ್ಕೆ ಹಗಲಿನ ಬೆಳಕೇ ಆಗಬೇಕು. ದೀಪದ ಕೆಳಗೆ ಕಪ್ಪು ದಾರವೂ ಕಡುನೀಲಿ ದಾರವೂ ಒಂದೇ ಥರ ಕಾಣುತ್ತವೆ. ಆ ಮನೆಯೊಳಗೆ ಬೆಳಕು ಬರುತ್ತಿದ್ದುದು ಪೂರ್ವದ ಒಂದೇ ಕಿಟಕಿಯಿಂದ. ಅಕ್ಕ ಅದರ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಬಿಸಿಲು ಸರಿದಂತೆ ಮಣೆಯೂ ಸರಿಯುತ್ತಿತ್ತು.

ಆ ಕಿಟಕಿಯ ಎದುರಿನ ಖಾಲಿ ಜಾಗದಲ್ಲಿ ಎಂಟು ಅಂತಸ್ತಿನ ವಸತಿ ಕಟ್ಟಡಕ್ಕೆ ಕಚೇರಿ ಒಪ್ಪಿಗೆ ಕೊಟ್ಟಿತು. ನಿಯಮದ ಪ್ರಕಾರ ಆ ಓಣಿಯಲ್ಲಿ ನಾಲ್ಕು ಅಂತಸ್ತು ಮೀರುವಂತಿಲ್ಲ. ಕಟ್ಟುವವರು ನಿಯಮ ಮೀರಲೂ ಇಲ್ಲ. ನಾಲ್ಕು ಅಂತಸ್ತಿನ ಎರಡು ಕಟ್ಟಡಗಳಿಗೆ ಅರ್ಜಿ ಹಾಕಿ, ಸ್ಥಳದ ಅಭಾವದಿಂದ ಎರಡನೆಯದನ್ನು ಮೊದಲನೆಯದರ ಮೇಲೆ ಕಟ್ಟುವುದಾಗಿ ತಿಳಿಸಿದ್ದರು. ಇದರಲ್ಲಿ ಕಚೇರಿಗೆ ಯಾವ ದೋಷವೂ ಕಾಣಲಿಲ್ಲ. ಮೇಲಿನ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮನೆಯೊಂದು ಕಚೇರಿಯ ಸಾಹೇಬರ ಮಾವನ ಹೆಸರಿಗೆ ಬಂದದ್ದು ಕೇವಲ ಕಾಕತಾಳೀಯವೆಂದು, ಯಾರೂ ಕೇಳುವ ಮೊದಲೇ, ಸಾಹೇಬರು ಲಿಖಿತವಾಗಿ ತಿಳಿಸಿದ್ದರು.

"ಊರಿಗೆಲ್ಲ ಉತ್ತರ ಬರೀತೀಯ. ನನಗೊಂದು ದೂರು ಬರ್ಕೊಡೋ ಪುಟ್ಟ," ಎಂದಳು ಅಕ್ಕ.

"ದೂರು ಬರೆಯೋದು ನನ್ನ ಕೆಲಸ ಅಲ್ಲ ಅಕ್ಕ. ಬಂದ ದೂರಿಗೆ ಉತ್ತರ ಬರೆಯೋದಷ್ಟೇ..."

"ಊಟ ಬಡಿಸೋದೂ ನನ್ನ ಕೆಲಸ ಅಲ್ಲ. ತಟ್ಟೆ ಈಚೆ ಕೊಡು."

ಅವನು ಬರೆದುಕೊಟ್ಟ. ಮರುದಿನ ಅದು ಅವನ ಮೇಜಿಗೇ ಬಂತು. ಪ್ರಾಮಾಣಿಕನಾದ್ದರಿಂದ ಎತ್ತಿಕೊಂಡು ಸಾಹೇಬರ ಮುಂದೆ ಹೋಗಿ ನಿಂತ.

"ದೂರುದಾರರು ನಿಮಗೇನಾಗಬೇಕು?" ಸಾಹೇಬರು ಕೇಳಿದರು.

"ಅಕ್ಕ, ಸರ್."

"ಸ್ವಂತ?"

"ಸ್ವಂತ, ಸರ್."

"ಛೆ," ಎಂದರು ಸಾಹೇಬರು, ಯಾರಿಗೋ ಕಾಯಿಲೆ ಎಂದು ಕೇಳಿದವರ ಹಾಗೆ. "ಉತ್ತರ ಬರೆಯೋರಿಗೆ ದೂರುದಾರರ ಪರಿಚಯ ಇರಬಾರದು ಅಂತ ನಿಯಮ ಇದೆಯಲ್ಲ."

"ಅದಕ್ಕೇ ಸರ್, ಇದೊಂದನ್ನ ಬೇರೆಯವರಿಗೆ..."

"ಬೇರೆಯವರು ಯಾರಿದ್ದಾರೆ ರೀ? ನಿಮ್ಮನ್ನ ಬದಲಾಯಿಸೋಕಾಗಲ್ಲ, ಒಬ್ಬರೇ ಇದ್ದೀರಿ. ದೂರನ್ನ ಬಿಡೋಕಾಗಲ್ಲ, ಇವತ್ತಿನವರೆಗೆ ಒಂದನ್ನೂ ಬಿಟ್ಟಿಲ್ಲ. ಇನ್ನು ಉಳಿದದ್ದೇನು?"

ಗುಮಾಸ್ತ ಯೋಚಿಸಿದ. "ಅಕ್ಕ, ಸರ್."

"ಅದೇ. ಆ ಸಂಬಂಧವನ್ನ ಸ್ವಲ್ಪ ದಿನ ಬದಿಗಿಡೋಣ."

ಸಂಜೆಯೊಳಗೆ ಆದೇಶ ಹೊರಟಿತು. "ಸದರಿ ದೂರು ಇತ್ಯರ್ಥವಾಗುವವರೆಗೆ ಉತ್ತರ ಗುಮಾಸ್ತರಿಗೂ ದೂರುದಾರರಿಗೂ ಇರುವ ಅಕ್ಕ-ತಮ್ಮ ಸಂಬಂಧವನ್ನು ಅಮಾನತಿನಲ್ಲಿಡಲಾಗಿದೆ. ಈ ಅವಧಿಯಲ್ಲಿ ಉಭಯತರು ಪರಸ್ಪರ ಮಾತನಾಡತಕ್ಕದ್ದಲ್ಲ, ಗುರುತು ಹಿಡಿಯತಕ್ಕದ್ದಲ್ಲ, ಒಬ್ಬರ ಬಗ್ಗೆ ಒಬ್ಬರು ಚಿಂತೆ ಮಾಡತಕ್ಕದ್ದಲ್ಲ. ಒಂದೇ ಮನೆಯಲ್ಲಿ ವಾಸವಾಗಿರುವುದನ್ನು ಆಕಸ್ಮಿಕವೆಂದು ಪರಿಗಣಿಸಲಾಗುವುದು."

ಅಕ್ಕ ಅದನ್ನು ಕಿಟಕಿಯ ಬಳಿ ಹಿಡಿದು ಓದಿದಳು. "ಓಹೋ! ನಿನ್ನ ಮೂಗು ಒರೆಸಿದ ಕೈಗೆ ಆರ್ಡರ್ ಕಳಿಸ್ತಾರಾ?"

ಗುಮಾಸ್ತ ಉತ್ತರ ಕೊಡಲಿಲ್ಲ. ಕೊಡುವಂತಿರಲಿಲ್ಲ.

ಅಕ್ಕ ಅವನನ್ನು ನೋಡಿದಳು, ಆದೇಶವನ್ನು ನೋಡಿದಳು, ಆಮೇಲೆ ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದಳು. "ಏ ಇಸ್ತ್ರಿಪೆಟ್ಟಿಗೆ, ಇಲ್ಲಿ ಯಾರೋ ಅಪರಿಚಿತರು ಕೂತಿದ್ದಾರೆ. ಊಟ ತಣ್ಣಗಾಗ್ತಿದೆ ಅಂತ ಹೇಳು."

ಗುಮಾಸ್ತ ಆದೇಶವನ್ನು ಇನ್ನೊಮ್ಮೆ ಓದಿ ನೋಡಿದ. ಇಸ್ತ್ರಿಪೆಟ್ಟಿಗೆಯೊಡನೆ ಮಾತನಾಡಲು ಅಡ್ಡಿಯಿರಲಿಲ್ಲ. "ಬಂದೆ ಅಂತ ಹೇಳಪ್ಪ," ಎಂದು ಅದಕ್ಕೆ ತಿಳಿಸಿ ಎದ್ದ.

ದೂರಿಗೆ ಮೊದಲ ಉತ್ತರ ಬೇಗನೆ ಹೋಯಿತು. "ಕಟ್ಟಡವನ್ನು ಇನ್ನೂ ಕಟ್ಟಿಲ್ಲವಾದ್ದರಿಂದ ಬೆಳಕು ನಿಂತಿಲ್ಲ. ನಿಲ್ಲದ ಬೆಳಕಿನ ಬಗ್ಗೆ ದೂರು ಅಕಾಲಿಕ. ನಿಂತ ಮೇಲೆ ಬರೆದು ತಿಳಿಸುವುದು." ಅಕ್ಕ ಉತ್ತರವನ್ನು ಇಸ್ತ್ರಿಪೆಟ್ಟಿಗೆಗೆ ಗಟ್ಟಿಯಾಗಿ ಓದಿ ಹೇಳಿದಳು. "ಬರೆದೋನು ಯಾರೋ ಗೊತ್ತಿಲ್ಲ ಕಣೇ. ಅಕ್ಷರ ಮಾತ್ರ ದುಂಡಗಿದೆ. ಕಲಿಸಿದೋರು ಚೆನ್ನಾಗಿ ಕಲಿಸಿದ್ದಾರೆ." ಆಮೇಲೆ ಮೇಲ್ಮನವಿ ಹಾಕಿದಳು.

ಮೇಲ್ಮನವಿ ಬಂದರೆ ಸ್ಥಳ ಪರಿಶೀಲನೆ ಕಡ್ಡಾಯ. ಗುಮಾಸ್ತ, ಅಳತೆಗಾರನನ್ನು ಕರೆದುಕೊಂಡು ತನ್ನ ಮನೆಯ ಬಾಗಿಲು ತಟ್ಟಿದ. ಅಷ್ಟು ಹೊತ್ತಿಗೆ ಎದುರಿನ ಕಟ್ಟಡ ಎರಡನೆಯ ಅಂತಸ್ತಿಗೆ ಏರಿತ್ತು. ಅಂದು ಆಕಾಶದ ತುಂಬ ಮೋಡ.

"ಯಾರು ಬೇಕಾಗಿತ್ತು?" ಎಂದಳು ಅಕ್ಕ.

"ವಸತಿ ಯೋಜನಾ ಕಚೇರಿಯಿಂದ ಬಂದಿದ್ದೇವೆ."

"ಗುರುತಿನ ಚೀಟಿ ಇದೆಯಾ?"

ಅವನು ತೋರಿಸಿದ. ಅಕ್ಕ ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿದಳು. "ಫೋಟೋದಲ್ಲಿರೋರು ಒಳ್ಳೆಯವರ ಥರ ಕಾಣ್ತಾರೆ. ಇವರೂ ಅವರೂ ಒಬ್ಬರೇನಾ?" ಎಂದು ಅಳತೆಗಾರನನ್ನು ಕೇಳಿದಳು.

"ಇರಬೇಕಮ್ಮ. ನಾನು ಅಳತೆ ಮಾತ್ರ ತಗೊಳ್ಳೋದು," ಎಂದ ಅವನು, ಟೇಪು ಬಿಡಿಸುತ್ತ. "ಬೆಳಕು ಎಲ್ಲಿಂದ ಎಲ್ಲೀವರೆಗೆ ಬರುತ್ತೆ, ತೋರಿಸಿ."

"ಮೋಡ ಇದೆಯಲ್ಲಪ್ಪ. ಸ್ವಲ್ಪ ಕೂತ್ಕೊಳ್ಳಿ, ಸರಿದುಹೋಗುತ್ತೆ."

"ಮೋಡ ನಮ್ಮ ವಿಭಾಗಕ್ಕೆ ಬರಲ್ಲಮ್ಮ," ಎಂದು ಅವನು ಟೇಪು ಸುತ್ತಿದ. 'ಸ್ಥಳದಲ್ಲಿ ಬೆಳಕು ಕಂಡುಬರಲಿಲ್ಲ' ಎಂದು ಬರೆದುಕೊಂಡ.

ಬೆಳಗಿನ ಬಿಸಿಲು ಒರಳಿನವರೆಗೆ ಬರುತ್ತದೆಂದೂ, ಚಳಿಗಾಲದಲ್ಲಿ ಒರಳು ದಾಟಿ ಒಲೆಯ ಕಟ್ಟೆ ಮುಟ್ಟುತ್ತದೆಂದೂ ಗುಮಾಸ್ತನಿಗೆ ಗೊತ್ತಿತ್ತು. ಆ ಬಿಸಿಲಿನಲ್ಲೇ ಅಕ್ಕ ಅವನ ತಲೆಗೆ ಎಣ್ಣೆ ಹಚ್ಚಿ ಕೂರಿಸುತ್ತಿದ್ದಳು. ಆದರೆ ಅದು ತಮ್ಮನಾಗಿ ಗೊತ್ತಿದ್ದ ವಿಷಯ. ಗುಮಾಸ್ತನಾಗಿ ಅವನಿಗೆ ಏನೂ ಗೊತ್ತಿರಲಿಲ್ಲ. ಅಳತೆಗಾರ ಬರೆದದ್ದರ ಕೆಳಗೆ ಸಹಿ ಹಾಕಿದ.

ಎರಡನೆಯ ಉತ್ತರ ಹೀಗಿತ್ತು: "ಪರಿಶೀಲನೆಯ ಸಮಯದಲ್ಲಿ ಸ್ಥಳದಲ್ಲಿ ಬೆಳಕು ಇರಲಿಲ್ಲ. ಇಲ್ಲದ ಬೆಳಕು ನಷ್ಟವಾಗಲಾರದು." ಬರೆದು ಮುಗಿಸಿ ಓದಿದಾಗ ಗುಮಾಸ್ತನಿಗೇ ಅದು ಒಪ್ಪಿಗೆಯಾಯಿತು. ಅದೇ ಅವನಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ಅಕ್ಕ ಇನ್ನೊಂದು ಮೇಲ್ಮನವಿ ಹಾಕಿದಳು. ಅಷ್ಟರಲ್ಲಿ ಮೊದಲನೆಯ ಕಟ್ಟಡ ಮುಗಿದು, ಎರಡನೆಯದಕ್ಕೆ ಅಡಿಪಾಯವನ್ನು ಆಕಾಶದಲ್ಲಿ ಹಾಕಲಾಯಿತು. ಕಿಟಕಿ ಕಪ್ಪಾಯಿತು. ಅಕ್ಕ ಹಗಲಲ್ಲೇ ದೀಪ ಹಚ್ಚಿಕೊಂಡು ಸೂಜಿ ಹಿಡಿದಳು. ಸಾಹೇಬರ ಕಪ್ಪು ಕೋಟಿನ ಮೊಣಕೈಯನ್ನು ನುಸಿ ತಿಂದಿತ್ತು. ಅದೂ ಆಗಲೇ ರಫೂಗೆ ಬಂದಿತ್ತು. ಮೂರನೆಯ ಉತ್ತರ: "ಬೆಳಕು ಈಗಾಗಲೇ ನಿಂತುಹೋಗಿರುವುದರಿಂದ, ಬೆಳಕು ನಿಲ್ಲುತ್ತದೆ ಎಂಬ ದೂರು ಅಪ್ರಸ್ತುತ."

ಮನೆಯಲ್ಲಿ ಇಸ್ತ್ರಿಪೆಟ್ಟಿಗೆಗೆ ಪುರುಸೊತ್ತೇ ಇರಲಿಲ್ಲ. ಆಮೇಲೆ ಗುಮಾಸ್ತ ಜ್ವರ ಬಂದು ಮಲಗಿದ.

ಅಕ್ಕ ಬಾಗಿಲವರೆಗೆ ಬಂದಳು, ಹೋದಳು, ಮತ್ತೆ ಬಂದಳು. "ಇಸ್ತ್ರಿಪೆಟ್ಟಿಗೇ, ಆ ಕೋಣೆಯಲ್ಲಿರೋ ಮನುಷ್ಯನ ಮೈ ನಿನ್ನ ಮೈಗಿಂತ ಬಿಸಿ ಇದೆ. ಮಾತ್ರೆ ನುಂಗಿದ್ನಾ ಕೇಳು." ಇಸ್ತ್ರಿಪೆಟ್ಟಿಗೆ ಕೇಳಲಿಲ್ಲ. ಒಳಗಿನಿಂದ, "ಅಕ್ಕಾ..." ಎಂಬ ದನಿ ಬಂತು. ಅದು ನಿಯಮಬಾಹಿರ.

ಅಕ್ಕ ಸೂಜಿಯನ್ನು ಕೋಟಿನಲ್ಲೇ ಚುಚ್ಚಿಟ್ಟು ಒಳಗೆ ಹೋದಳು. ಒದ್ದೆ ಬಟ್ಟೆ ಹಿಂಡಿ ಹಣೆಯ ಮೇಲೆ ಹಾಕಿದಳು. "ಹಾಳಾದ ಬೆಳಕು ಹೋದರೆ ಹೋಯ್ತು. ದೂರು ವಾಪಸ್ ತಗೊಳ್ತೀನಿ."

"ಮಾತಾಡಬಾರದು... ಆದೇಶ ಇದೆ," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

"ಬಾಯಿ ಮುಚ್ಕೊಂಡು ಮಲ್ಕೋ, ಪುಟ್ಟ."

ದೂರುದಾರರು ಉತ್ತರಗಳಿಂದ ಸಂಪೂರ್ಣ ತೃಪ್ತರಾಗಿ ದೂರನ್ನು ಹಿಂಪಡೆದರೆಂದು ಕಚೇರಿಯಲ್ಲಿ ದಾಖಲಾಯಿತು. ಸಂಬಂಧವನ್ನು ಮರಳಿ ಜಾರಿಗೆ ತರಲು ಇಬ್ಬರೂ ಒಂದು ಸೋಮವಾರ ಖುದ್ದಾಗಿ ಹಾಜರಾಗಬೇಕೆಂದು ಪತ್ರ ಬಂತು. ಆ ಬೆಳಿಗ್ಗೆ ಗುಮಾಸ್ತ ಬಾಗಿಲಲ್ಲಿ ಕಾಯುತ್ತ ನಿಂತಿದ್ದ.

ಅಕ್ಕ ಇಸ್ತ್ರಿಪೆಟ್ಟಿಗೆಗೆ ಹೇಳಿದಳು: "ಮೊದಲು ಹೋಗು ಅನ್ನು ಅವನಿಗೆ. ತಡ ಆದ್ರೆ ಬೈತಾರೆ. ನಾನು ಪಾತ್ರೆ ತೊಳೆದು, ಬೀಗ ಹಾಕ್ಕೊಂಡು ಬರ್ತೀನಿ."

ಅವನು ಮೊದಲು ಹೋಗಿ ಸಹಿ ಹಾಕಿದ. ಅವಳು ಬಂದು ಅವನ ಕೆಳಗೆ ಹಾಕಿದಳು. ಸಾಹೇಬರು ಆದೇಶ ಓದಿದರು.

"ಅಮಾನತಿನ ಅವಧಿಯಲ್ಲಿ ಸಂಬಂಧ ಚಾಲ್ತಿಯಲ್ಲಿರಲಿಲ್ಲವಾಗಿ, ಹಿಂದಿನ ಅವಧಿಯನ್ನು ಜ್ಯೇಷ್ಠತೆಗೆ ಪರಿಗಣಿಸಲಾಗದು. ಉಭಯತರೂ ಇಂದು ಹೊಸದಾಗಿ ಸೇರಿದಂತೆ ಭಾವಿಸತಕ್ಕದ್ದು. ಒಂದೇ ದಿನ ಸೇರಿದವರಲ್ಲಿ ಮೊದಲು ಹಾಜರಾದವರೇ ಹಿರಿಯರು." ಸಾಹೇಬರು ಕನ್ನಡಕ ತೆಗೆದು ಗುಮಾಸ್ತನ ಕೈ ಕುಲುಕಿದರು. "ಅಭಿನಂದನೆಗಳು ರೀ. ತಂಗಿ ಹುಟ್ಟಿದಳು."

"ಸರ್, ಇವರು ನನ್ನನ್ನ ಎತ್ತಿ ಆಡಿಸಿದವರು."

"ಆಡಿಸಿರಬಹುದು. ಹಿಂದಿನ ಸೇವೆ ಲೆಕ್ಕಕ್ಕಿಲ್ಲ. ಒಪ್ಪಿಗೆ ಇಲ್ಲದಿದ್ದರೆ ದೂರು ಕೊಡಲಿ, ಉತ್ತರ ಕೊಡ್ತೀವಿ. ನಮ್ಮಲ್ಲಿ ಉತ್ತರಕ್ಕೇನು ಕೊರತೆ?"

ಉತ್ತರ ಕೊಡುವವನು ಯಾರೆಂದು ಗುಮಾಸ್ತನಿಗೆ ಗೊತ್ತಿತ್ತು. ದೂರು ಅವನ ಮೇಜಿಗೆ ಬರುತ್ತದೆ. ಬಂದರೆ ಅಮಾನತು ಮತ್ತೆ ಮೊದಲಾಗುತ್ತದೆ. ಅವನಿಗಿಂತ ಮೊದಲೇ ಅದು ಅಕ್ಕನಿಗೆ ಹೊಳೆದಿತ್ತು.

"ದೂರು ಗೀರು ಏನೂ ಬೇಡ," ಎಂದಳು. ಸೆರಗು ಸರಿಮಾಡಿಕೊಂಡಳು. "ನಡಿ, ಅಣ್ಣ."

ಕೆಲವು ದಿನಗಳ ಮೇಲೆ ಸಾಹೇಬರು ರಫೂ ಆದ ಕೋಟು ತೊಟ್ಟು ಮೇಲಧಿಕಾರಿಗಳ ತೋಟದಲ್ಲಿ ನಡೆದ ಸಭೆಗೆ ಹೋದರು. ಹಗಲ ಬೆಳಕಿನಲ್ಲಿ ಕೋಟಿನ ಮೊಣಕೈ ಕಡುನೀಲಿಯಾಗಿ ಕಾಣಿಸಿತು. ಮೇಲಧಿಕಾರಿಗಳು, "ಬಿದ್ದು ಪೆಟ್ಟು ಮಾಡಿಕೊಂಡಿರಾ?" ಎಂದು ಎಲ್ಲರೆದುರು ಕನಿಕರದಿಂದ ವಿಚಾರಿಸಿದರು. ಬೆಳಕಿನ ಮಹತ್ವ ಕಚೇರಿಗೆ ತಿಳಿದದ್ದು ಆಗ. ಮರುದಿನವೇ ಪ್ರಕಟಣೆ ಅಂಟಿಸಲಾಯಿತು.

"ಬೆಳಕು ಕಳೆದುಕೊಂಡ ನಿವಾಸಿಗಳ ಅನುಕೂಲಕ್ಕಾಗಿ ಈ ಕಚೇರಿಯ ಪೂರ್ವದ ಕಿಟಕಿಯನ್ನು ಕಚೇರಿ ವೇಳೆಯಲ್ಲಿ ತೆರೆದಿಡಲಾಗುವುದು. ಟೋಕನ್ ಪಡೆದವರು ಸರದಿಯಂತೆ ಬೆಳಕಿನಲ್ಲಿ ಕುಳಿತುಕೊಳ್ಳಬಹುದು. ಬೆಳಕನ್ನು ಮನೆಗೆ ಕೊಂಡೊಯ್ಯುವಂತಿಲ್ಲ. ಮೋಡವಿದ್ದ ದಿನದ ಟೋಕನ್ ಮರುದಿನಕ್ಕೆ ನಡೆಯುವುದಿಲ್ಲ."

ಓಣಿಯವರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬಾಕೆ ಕೂಸನ್ನು ಎತ್ತಿಕೊಂಡು ಬಂದಳು, ಒಬ್ಬಾಕೆ ಒದ್ದೆ ದಿಂಬು ಹೊತ್ತು ಬಂದಳು. ಗೋಡೆಗೆ ಉತ್ತರ ತೂಗುಹಾಕಿದ್ದ ಹಿರಿಯರು ಪೇಪರು ಹಿಡಿದು ಬಂದರು. "ಹಿಂದೆಲ್ಲ ಬಿಸಿಲು ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಕೇಳೋರೇ ಇರಲಿಲ್ಲ. ಈಗ ಟೋಕನ್ ಆದ್ರೂ ಇದೆ," ಎಂದು ಹೊಗಳಿದರು. ಎಲ್ಲರೂ ತಲೆಯಾಡಿಸಿದರು.

ಮೊದಲ ಟೋಕನ್ ದಿನವೂ ಅಕ್ಕನದೇ. ಈ ಒಂದು ವಿಷಯದಲ್ಲಿ ಅವಳು ಇನ್ನೊಮ್ಮೆ ತಡಮಾಡಲಿಲ್ಲ. ಪೂರ್ವದ ಕಿಟಕಿ ಇದ್ದದ್ದು ಗುಮಾಸ್ತನ ಮೇಜಿನ ಪಕ್ಕ. ಅವನು ಉತ್ತರ ಬರೆಯುತ್ತಿದ್ದ; ಅವಳು ಸಾಹೇಬರ ಕೋಟಿನ ನೀಲಿ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕಪ್ಪು ಎಳೆ ಸೇರಿಸುತ್ತಿದ್ದಳು.

"ಅಣ್ಣ," ಎಂದಳು, ಸೂಜಿಯಿಂದ ಕಣ್ಣು ಎತ್ತದೆ. "ಸ್ವಲ್ಪ ಆ ಕಡೆ ಸರಿಯೋ. ನಿನ್ನ ನೆರಳು ಬೀಳ್ತಿದೆ."

ಸರದಿಯಲ್ಲಿದ್ದವರು ಯಾರೂ ತಲೆ ಎತ್ತಲಿಲ್ಲ. ನರೆತ ಹೆಂಗಸು ತನಗಿಂತ ಕಿರಿಯನನ್ನು ಅಣ್ಣ ಎನ್ನುವುದು ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಗುಮಾಸ್ತ ಬರೆಯುತ್ತಿದ್ದ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ, ಯಾರ ಆದೇಶವನ್ನೂ ಕೇಳದೆ, ಎದ್ದು ಕುರ್ಚಿಯನ್ನು ಗೋಡೆಯವರೆಗೆ ಸರಿಸಿಕೊಂಡ. ಬೆಳಕು ಅವಳ ಮಡಿಲಿಗೆ ಬಿತ್ತು.

ಆ ಕಚೇರಿಯ ಇತಿಹಾಸದಲ್ಲಿ ಪರಿಹಾರವಾದ ಮೊದಲ ದೂರು ಅದು. ಲಿಖಿತವಾಗಿ ಬಾರದ ಕಾರಣ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.